ಸೊಟ್ಟ ಬೈತಲೆ

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1936ರಲ್ಲಿ ಸಾಂಟಾ ಮೋನಿಕಾದಲ್ಲಿ ಕ್ಯಾರಿಸ್ ವಿಲ್ಸನ್ ಅವರ ನಗ್ನ ಚಿತ್ರವೊಂದನ್ನು ತೆಗೆದರು. ಕ್ಯಾರಿಸ್ ಬಿಸಿಲು ಬಿದ್ದ ಬಾಗಿಲಲ್ಲಿ ಕಾಲು ಮಡಿಸಿ, ತೋಳುಗಳಿಂದ ಮಂಡಿಯನ್ನು ಬಳಸಿ, ತಲೆ ತಗ್ಗಿಸಿ ಕೂತಿದ್ದಾರೆ. ಹಿಂದೆ ಗಾಢ ಕತ್ತಲು. ಮುಖ ಕಾಣುವುದೇ ಇಲ್ಲ. ಕಾಣುವುದು ನೆತ್ತಿ ಮತ್ತು ಬೈತಲೆ. ಈ ಚಿತ್ರದ ಬಗ್ಗೆ ಇಬ್ಬರಿಗೂ ತಕರಾರಿತ್ತು. ಬಲತೋಳಿನ ಮೇಲಿನ ನೆರಳು ವೆಸ್ಟನ್‌ಗೆ ಹಿಡಿಸಲಿಲ್ಲ. ಬೈತಲೆ ಸೊಟ್ಟಗಿದೆ, ಕೂದಲಿನ ಪಿನ್ನುಗಳು ಎದ್ದು ಕಾಣುತ್ತಿವೆ ಎಂಬ ಬೇಸರ ಕ್ಯಾರಿಸ್ ಅವರದು.

ಚಿತ್ರ ಗೆದ್ದಿರುವುದು ಆ ಸೊಟ್ಟ ಬೈತಲೆಯಿಂದಲೇ ಎಂದು ನಾನು ನಂಬಿದ್ದೇನೆ. ತೋಳು-ಕಾಲುಗಳ ಆ ದುಂಡು ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಇನ್ನೊಂದು ಕೂದಲೆಳೆಯಷ್ಟು ಅಚ್ಚುಕಟ್ಟಾಗಿದ್ದರೂ ಅಲ್ಲಿ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ. ಪಿನ್ನು ಸಿಕ್ಕಿಸಿಕೊಂಡ ಕೈ ಇವರದೇ, ಇವರಿಗೊಂದು ದಿನಚರಿಯಿದೆ, ಈ ಭಂಗಿ ಮುಗಿದ ಮೇಲೆ ಎದ್ದು ಹೋಗುತ್ತಾರೆ ಎಂಬುದೆಲ್ಲ ಆ ನೆತ್ತಿಯಿಂದ ತಿಳಿಯುತ್ತದೆ.

ಅದೇ ವೆಸ್ಟನ್ 1925ರಲ್ಲಿ ಮೆಕ್ಸಿಕೋದಲ್ಲಿ ಅನೀಟಾ ಬ್ರೆನ್ನರ್ ಅವರ ಬರಿಬೆನ್ನನ್ನು ತೆಗೆದಿದ್ದರು. ತಲೆಯಿಲ್ಲ, ಕೈಕಾಲಿಲ್ಲ; ಬೆಳಕಿನಲ್ಲಿ ಪೇರುಹಣ್ಣಿನಂತೆ ತೂಗುವ ಒಂದು ಆಕಾರ. ಅಪೂರ್ವ ಚಿತ್ರ, ಒಪ್ಪುತ್ತೇನೆ. ಆದರೆ ಅದನ್ನು ಭಾವಚಿತ್ರ ಎನ್ನಲಾರೆ. ನಾಲ್ಕು ವರ್ಷಗಳ ನಂತರ ಮೆಕ್ಸಿಕೋದ ಕಲೆಯ ಮೇಲೆ ದೊಡ್ಡ ಪುಸ್ತಕವೊಂದನ್ನು ಹೊರತಂದ ಆ ಲೇಖಕಿಯ ಸುಳಿವೂ ಆ ಬೆನ್ನಿನಲ್ಲಿಲ್ಲ.

ನ್ಯೂ ಆರ್ಲಿಯನ್ಸ್‌ನ ಸ್ಟೋರಿವಿಲ್ ವೇಶ್ಯಾವಾಟಿಕೆಯ ಹೆಂಗಸರನ್ನು ಇ.ಜೆ. ಬೆಲ್ಲಾಕ್ ಸುಮಾರು 1912ರಲ್ಲಿ ಗಾಜಿನ ಫಲಕಗಳ ಮೇಲೆ ಸೆರೆಹಿಡಿದರು. ಲೀ ಫ್ರೀಡ್‌ಲ್ಯಾಂಡರ್ ಆ ಫಲಕಗಳಿಂದ ಪ್ರಿಂಟ್ ತೆಗೆದ ಮೇಲೆ, 1970ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂ ಅವನ್ನು ಪ್ರದರ್ಶಿಸಿತು. ಬೆಳಕಿನಲ್ಲಿ ಚಮತ್ಕಾರವಿಲ್ಲ, ಚೌಕಟ್ಟಿನ ಅಂಚಿನಲ್ಲಿ ಬೇಡದ ಸಾಮಾನು ನುಸುಳಿದೆ. ಆದರೂ ಬತ್ತಲೆ ಕೂತ ಕೆಲವರು ಕ್ಯಾಮೆರಾವನ್ನು ನೋಡುವ ರೀತಿಯಲ್ಲಿ ಅಂಜಿಕೆಯೂ ಇಲ್ಲ, ಒಲಿಸುವ ಹಟವೂ ಇಲ್ಲ. ಪರಿಚಯದವರೊಬ್ಬರ ಮುಂದೆ ಕೂತಂತೆ ಸುಮ್ಮನೆ ಕೂತಿದ್ದಾರೆ. ಕೆಲವು ಫಲಕಗಳಲ್ಲಿ ಮುಖವನ್ನು ಕೆರೆದು ಹಾಕಲಾಗಿದೆ. ಅವನ್ನು ನೋಡುವಾಗ ಸಂಕಟವಾಗುತ್ತದೆ: ದೇಹ ಅದೇ, ಕೋಣೆ ಅದೇ, ನಮ್ಮ ನೋಟವನ್ನು ತಡೆದು ನಿಲ್ಲಿಸುವವರು ಮಾತ್ರ ಇಲ್ಲ.

ನಗ್ನ ಭಾವಚಿತ್ರ ಸೋಲುವುದು ನಾಚಿಕೆಗೇಡಿತನದಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕಂಡಂತೆ ಹೆಚ್ಚಿನವು ಸೋಲುವುದು ನಯದಿಂದ. ಚರ್ಮದ ಮಚ್ಚೆ, ಕಲೆ, ಸೊಂಟದ ಮೇಲೆ ಲಾಡಿ ಒತ್ತಿದ ಗುರುತು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ, ಮುಖವನ್ನು ಕತ್ತಲಿಗೆ ತಳ್ಳಿ, ಅದಕ್ಕೆ ಕಲೆಯೆಂಬ ಹೆಸರು ಕೊಡುತ್ತಾರೆ. ಕೂತವರ ಹೆಸರು ಬದಲಾಯಿಸಿದರೂ ಅಂಥ ಚಿತ್ರಕ್ಕೆ ಏನೂ ಆಗುವುದಿಲ್ಲ.

ಈ ಸಂಚಿಕೆಗೆ ಚಿತ್ರ ಆಯುವಾಗ ಛಾಯಾಗ್ರಾಹಕರನ್ನು ಮೊದಲು ಕೇಳಿದ್ದು ಒಂದೇ: ಕೂತವರು ಪ್ರಿಂಟ್ ನೋಡಿದ್ದಾರೆಯೇ, ನೋಡಿ ಏನೆಂದರು? ಅವರ ಒಪ್ಪಿಗೆಯಿಲ್ಲದ ಯಾವ ಚಿತ್ರವನ್ನೂ ಇಲ್ಲಿ ಅಚ್ಚು ಹಾಕಿಲ್ಲ. ಅವರು ಹೇಳಿದ ತಕರಾರುಗಳನ್ನು ಆಯಾ ಚಿತ್ರದ ಕೆಳಗೇ ಕೊಟ್ಟಿದ್ದೇವೆ.