ನೆರೆಹೊರೆಯ ಧರ್ಮ

“ಅವರಷ್ಟಕ್ಕೆ ಅವರು, ನಮ್ಮಷ್ಟಕ್ಕೆ ನಾವು, ಅನ್ಯಮತದವರಿಗೆ ಕೇಡು ಬಗೆಯದಿದ್ದರೆ ಸಾಲದೆ?” ಎಂದು ವಿದ್ಯಾವಂತ ಗೃಹಸ್ಥರು ಕೇಳುವುದುಂಟು. ಸಾಲದೆಂಬುದೇ ನನ್ನ ವಾದ.

ಶ್ರವಣಬೆಳಗೊಳದಲ್ಲಿ ಕ್ರಿ. ಶ. ೧೩೬೮ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಕಲಹವುಂಟಾಗಲು, ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಉಭಯರನ್ನೂ ದೂರವಿರಿಸಿ ಕೈತೊಳೆದುಕೊಳ್ಳಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿತ್ತನು. ಜೈನದರ್ಶನದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸತಕ್ಕದ್ದೆಂದು ವಿಧಿಸಿದನು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನು ನೇಮಿಸುವ ಹೊಣೆಯು ವೈಷ್ಣವರದಾಯಿತು. ಅದಕ್ಕೆ ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡಬೇಕು. ಮಿಕ್ಕದ್ದು ಜೀರ್ಣಜಿನಾಲಯಗಳ ಸುಣ್ಣಕ್ಕೆ. ಬಲವುಳ್ಳವನು ನೆರೆಯವನ ಬಾಗಿಲನ್ನು ಕಾಯಬೇಕೆಂಬುದೇ ಇದರ ತಾತ್ಪರ್ಯ.

ನಾವಾದರೋ? ಅನ್ಯಮತದವನು ಬಾಡಿಗೆಗೆ ಬಂದಾನೆಂದು ಮನೆಯನ್ನೇ ಬರಿದಾಗಿಡುತ್ತೇವೆ! ಲೋಕವೆಲ್ಲ ಒಂದೇ ಕುಟುಂಬವೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾನೂ ಅಂಥವನೇ. ನನ್ನ ಹಿತ್ತಿಲಮನೆಯನ್ನು ಕೇಳಬಂದ ಒಬ್ಬ ಸಭ್ಯನನ್ನು, ಅವನ ಹೆಸರನ್ನು ಕೇಳಿದೊಡನೆ, ಮನೆ ಖಾಲಿಯಿಲ್ಲವೆಂದು ಸುಳ್ಳಾಡಿ ಹಿಂದಿರುಗಿಸಿದೆನು. ಆ ನಾಚಿಕೆಯೇ ಈ ಲೇಖನವನ್ನು ಬರೆಯಿಸಿದೆ.

ಕೈಗೆ ಕೈ ಸೇರದ ಸಹನೆಯು ಮರ್ಯಾದೆಯ ಮುಸುಕಿಟ್ಟ ತಿರಸ್ಕಾರವೇ ಸರಿ. ಆ ಮನೆಯ ಬೀಗವನ್ನು ಈಗ ತೆಗೆದಿದ್ದೇನೆ. ವಾಚಕ ಮಹಾಶಯರೂ ತಮ್ಮದನ್ನು ತೆಗೆಯಲಿ.