ಬರ್ಗರ್ ತಿಂದವನ ಸಾಕ್ಷಿ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಬರ್ಗರಿನ ರಗಳೆ. ಪೇಟೆಯಲ್ಲಿ ಹೊಸದಾಗಿ ತೆರೆದ ಅಂಗಡಿಗೆ ಗೆಳೆಯರೆಲ್ಲ ಹೋಗಿ ತಿಂದು ಬಂದಿದ್ದಾರೆ, ತಾನೊಬ್ಬನೇ ಉಳಿದಿದ್ದೇನೆ ಎಂದು ಮಗರಾಯ ಬೆಳಗಿನಿಂದ ಮುಖ ಊದಿಸಿಕೊಂಡು ಕೂತಿದ್ದ. ತಟ್ಟೆಯಲ್ಲಿದ್ದ ಉಪ್ಪಿಟ್ಟು ತಣ್ಣಗಾಗಿ ಗಟ್ಟಿಯಾಯಿತು. ರಜೆಗೆಂದು ಬಂದಿದ್ದ ನಾದಿನಿಯ ಮಗಳು ನನ್ನ ಪಾಡು ನೋಡಲಾರದೆ, "ಅತ್ತೆ, ನೀವು ಸುಮ್ಮನಿರಿ. ಇವನಿಗೊಂದು ಸಿನಿಮಾ ತೋರಿಸ್ತೀನಿ" ಎಂದು ಟೀವಿ ಮುಂದೆ ಕೂರಿಸಿದಳು. ನಾನೂ ಅವರೆಕಾಯಿ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.

ಸಿನಿಮಾದ ಹೆಸರು 'ಸೂಪರ್ ಸೈಜ್ ಮೀ'. 2004ರಲ್ಲಿ ಅಮೆರಿಕದಲ್ಲಿ ಬಂದದ್ದು. ಕಥೆಯಲ್ಲ, ಸಾಕ್ಷ್ಯಚಿತ್ರ. ಮಾರ್ಗನ್ ಸ್ಪರ್ಲಾಕ್ ಎಂಬಾತ ಒಂದು ಶಪಥ ಮಾಡುತ್ತಾನೆ: ಮೂವತ್ತು ದಿನ, ದಿನಕ್ಕೆ ಮೂರು ಹೊತ್ತು, ಮೆಕ್‌ಡೊನಾಲ್ಡ್ಸ್ ಅಂಗಡಿಯದ್ದು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ. ಅಲ್ಲಿ ಸಿಗುವ ಎಲ್ಲ ತಿಂಡಿಯನ್ನೂ ಒಂದು ಸಲವಾದರೂ ತಿನ್ನಬೇಕು. ಅಂಗಡಿಯವರು ತಾವಾಗಿ "ದೊಡ್ಡದು ಕೊಡಲೇ?" ಎಂದು ಕೇಳಿದರೆ ಇಲ್ಲವೆನ್ನಬಾರದು. ನಡಿಗೆಯನ್ನೂ ಕಡಿಮೆ ಮಾಡಬೇಕು. ನಮ್ಮಲ್ಲಿ ಹೆಂಗಸರು ಉಪವಾಸಕ್ಕೆ ವ್ರತ ಹಿಡಿಯುತ್ತೇವೆ, ಈ ಪುಣ್ಯಾತ್ಮ ತಿನ್ನುವುದಕ್ಕೆ ವ್ರತ ಹಿಡಿದ!

ಎರಡನೆಯ ದಿನವೇ ಕಾರಿನಲ್ಲಿ ಕೂತು ದೊಡ್ಡ ಬರ್ಗರ್ ತಿನ್ನುತ್ತಾ ತಿನ್ನುತ್ತಾ ಕಿಟಕಿಯಿಂದಾಚೆ ವಾಂತಿ ಮಾಡಿಕೊಳ್ಳುತ್ತಾನೆ. ಕ್ಯಾಮೆರಾ ಬೇರೆಡೆಗೆ ತಿರುಗುವುದೇ ಇಲ್ಲ. ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ದಿನ ಕಳೆದಂತೆ ತೂಕ ಏರುತ್ತದೆ, ಡಾಕ್ಟರುಗಳ ಮುಖ ಬಾಡುತ್ತದೆ, ನಿಲ್ಲಿಸಿಬಿಡು ಅನ್ನುತ್ತಾರೆ. ಆತನ ಗೆಳತಿ ಸೊಪ್ಪು ತರಕಾರಿಯ ಅಡುಗೆಯವಳು, ಅವಳ ಸಂಕಟ ಬೇರೆ. ತಿಂಗಳು ಮುಗಿಯುವಾಗ ಸುಮಾರು 11 ಕಿಲೋ ಹೆಚ್ಚಾಗಿರುತ್ತದೆ. ಮಗ ತುಟಿ ಪಿಟಕ್ಕೆನ್ನದೆ ನೋಡಿದ. ಮುಗಿದ ಮೇಲೆ, "ನಂಗೆ ಬೇಡಮ್ಮ" ಅಂದ. ನನಗೋ ಹಬ್ಬ.

ಆಗ ಈ ಹುಡುಗಿ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ಅತ್ತೆ, ಇದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆತ ಕುಡೀತಿದ್ದನಂತೆ."

ಏನೆಂದು ಕೇಳಿ ತಿಳಿದುಕೊಂಡೆ. 2017ರ ಡಿಸೆಂಬರಿನಲ್ಲಿ ಸ್ಪರ್ಲಾಕ್ ತನ್ನ ತಪ್ಪುಗಳನ್ನೆಲ್ಲ ತಾನೇ ಬರೆದು ಪ್ರಕಟಿಸಿದ. ಅದರಲ್ಲಿ, ಹದಿಮೂರನೆಯ ವಯಸ್ಸಿನಿಂದ ಕುಡಿಯುತ್ತಲೇ ಬಂದಿದ್ದೇನೆ, ಮೂವತ್ತು ವರ್ಷಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಬಿಟ್ಟದ್ದಿಲ್ಲ ಎಂದು ಒಪ್ಪಿಕೊಂಡಿದ್ದ. ಸಿನಿಮಾದಲ್ಲಿ ಡಾಕ್ಟರು ಕುಡಿತದ ಬಗ್ಗೆ ಕೇಳಿದಾಗ ಈಗ ಇಲ್ಲವೆಂದೇ ಉತ್ತರ. ಪಿತ್ತಜನಕಾಂಗ ಹಾಳಾಗುತ್ತಿದೆ, ಕುಡುಕರ ಹಾಗೆ ಆಗಿದೆ ಎಂದು ಡಾಕ್ಟರು ಗಾಬರಿಯಾಗುವ ಆ ದೃಶ್ಯ ಇದೆಯಲ್ಲ, ಅದನ್ನು ಈಗ ಹೇಗೆ ನೋಡಬೇಕು ಹೇಳಿ. 2024ರ ಮೇ ತಿಂಗಳಲ್ಲಿ ಆತ ಕ್ಯಾನ್ಸರಿನಿಂದ ತೀರಿಕೊಂಡ, 53 ವರ್ಷಕ್ಕೇ. ಸತ್ತವರ ಮೇಲೆ ಮಾತಾಡಬಾರದು, ಆದರೂ ಸಾಕ್ಷಿ ಹೇಳಲು ನಿಂತವನು ಪೂರ್ತಿ ಹೇಳಬೇಡವೇ?

ಮನೆಯಲ್ಲಿ ಗುಟ್ಟಾಗಿ ಕುಡಿಯುವವರಿದ್ದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ನಿನ್ನೆ ತಿಂದದ್ದು ಹಿಡಿಸಲಿಲ್ಲ" ಎಂಬ ಮಾತಿನ ಹಿಂದೆ ಏನಿರುತ್ತದೆಂದು ನಮಗೆ ಗೊತ್ತು.

ರಾತ್ರಿ ನಿದ್ದೆ ಬರಲಿಲ್ಲ. ಸಿನಿಮಾವನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸಿದೆ. ನಾವು ನಂಬಿದ್ದು ಹೇಗೆ? ಮೊದಲನೆಯದು, ಆ ದಿನಗಳ ಲೆಕ್ಕ. ಒಂದನೇ ದಿನ, ಎರಡನೇ ದಿನ ಎಂದು ಬರೆದು ತೋರಿಸುತ್ತಾ ಹೋದರೆ ಧಾರಾವಾಹಿ ನೋಡಿದ ಹಾಗೆ, ನಾಳೆ ಏನಾಗುತ್ತೋ ಎಂಬ ಕಾತರ. ಬಿಳಿ ಕೋಟಿನ ಡಾಕ್ಟರು ಬಂದು ಸಂಖ್ಯೆ ಓದಿದರಂತೂ ಮುಗಿಯಿತು, ಎದುರು ಮಾತಿಲ್ಲ. ತಿನ್ನುವ ಬಾಯನ್ನು ತೀರಾ ಹತ್ತಿರದಿಂದ ತೋರಿಸುತ್ತಾರೆ. ಯಾರ ಬಾಯಿಯನ್ನಾದರೂ ಅಷ್ಟು ಹತ್ತಿರದಿಂದ ನೋಡಿದರೆ ಹೇಸಿಗೆಯೇ, ನಮ್ಮ ಮನೆಯ ಮುದ್ದೆ-ಸಾರು ತಿನ್ನುವವರದ್ದಾದರೂ ಸರಿ! ಮತ್ತೆ ಸ್ಪರ್ಲಾಕ್‌ನ ಕೀಟಲೆ ಮಾತು. ಪಕ್ಕದ ಮನೆ ಹುಡುಗನ ಹಾಗೆ ನಗಿಸುತ್ತಾನೆ. ನಗಿಸುವವನನ್ನು ಯಾರು ಅನುಮಾನಿಸುತ್ತಾರೆ?

ಅದೇ ಸಿನಿಮಾದಲ್ಲಿ ಇನ್ನೊಬ್ಬ ಮನುಷ್ಯ ಬರುತ್ತಾನೆ. ವರ್ಷಗಟ್ಟಲೆ ಹೆಚ್ಚುಕಡಿಮೆ ದಿನವೂ ಬರ್ಗರ್ ತಿಂದವನು, ಆದರೂ ಕಡ್ಡಿಯ ಹಾಗಿದ್ದಾನೆ. ಅವನನ್ನು ತೋರಿಸುತ್ತಾರೆ, ಆದರೆ ತಮಾಷೆಗೆಂಬಂತೆ ತೋರಿಸಿ ಮುಂದೆ ಹೋಗುತ್ತಾರೆ. ಅವನ ಬಳಿ ಕ್ಯಾಮೆರಾ ಇನ್ನಷ್ಟು ಹೊತ್ತು ನಿಂತಿದ್ದರೆ ನಮ್ಮ ಮಗ ಏನೆನ್ನುತ್ತಿದ್ದನೋ.

ಹಾಗಂತ ಎಲ್ಲ ಸುಳ್ಳು ಅಂತೀರಾ? ಅದೂ ಅಲ್ಲ. ಸ್ವೀಡನ್ ದೇಶದಲ್ಲಿ 18 ಜನ ಆರೋಗ್ಯವಂತರಿಗೆ ನಾಲ್ಕು ವಾರ ದಿನಕ್ಕೆ ಎರಡು ಹೊತ್ತು ಇಂಥದ್ದೇ ತಿಂಡಿ ಕೊಟ್ಟು, ಓಡಾಟ ಕಡಿಮೆ ಮಾಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರ ತೂಕವೂ ಏರಿತು, ಪಿತ್ತಜನಕಾಂಗದ ಪರೀಕ್ಷೆಯ ಅಂಕಿಗಳೂ ಏರಿದವು. ಅಂದರೆ ಸ್ಪರ್ಲಾಕ್ ಹೇಳಿದ್ದರಲ್ಲಿ ನಿಜವಿತ್ತು. ನಿಜ ಇದ್ದೂ ಮುಚ್ಚಿಟ್ಟನಲ್ಲ, ಅದೇ ನನಗೆ ಬೇಜಾರು. ಚೆನ್ನಾಗಿ ಬೆಂದ ಬೇಳೆಗೆ ಸೋಡಾ ಹಾಕಿದ ಹಾಗೆ.

ಸಿನಿಮಾದಿಂದ ಪರಿಣಾಮವೇನೂ ಸಣ್ಣದಾಗಿರಲಿಲ್ಲ. 65 ಸಾವಿರ ಡಾಲರಿನಲ್ಲಿ ತೆಗೆದದ್ದು ಎರಡು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಆ 2004ರಲ್ಲೇ ಕಂಪನಿಯವರು 'ಸೂಪರ್ ಸೈಜ್' ಮಾರಾಟವನ್ನು ನಿಲ್ಲಿಸಿದರು. ಸಿನಿಮಾಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದರು. ಇರಲಿ ಬಿಡಿ.

ನಾದಿನಿಯ ಮಗಳು ಮಾರನೆಯ ದಿನ ಇನ್ನೊಂದು ಚಿತ್ರ ತೋರಿಸಿದಳು, 'ಫುಡ್, ಇಂಕ್.' ಎಂದು. ರಾಬರ್ಟ್ ಕೆನ್ನರ್ ಎಂಬುವರು 2008ರಲ್ಲಿ ತೆಗೆದದ್ದು. ಅದರಲ್ಲಿ ಒಂದು ಬಡ ಸಂಸಾರ. ಗಂಡ ಹೆಂಡತಿ ಇಬ್ಬರಿಗೂ ದುಡಿಮೆ, ಅಡುಗೆಗೆ ಹೊತ್ತಿಲ್ಲ. ಕಾರಿನಲ್ಲೇ ಕೂತು ಅಗ್ಗದ ಬರ್ಗರ್ ಕೊಳ್ಳುತ್ತಾರೆ. ಆಮೇಲೆ ತರಕಾರಿ ಅಂಗಡಿಗೆ ಹೋದರೆ ಹೂಕೋಸಿನ ಜಾತಿಯ ಬ್ರೊಕೋಲಿಯ ಬೆಲೆ ಕೇಳಿ ಹಿಂದಕ್ಕಿಡುತ್ತಾರೆ. ಪುಟ್ಟ ಮಗಳು ಪೇರ್ ಹಣ್ಣು ಕೇಳುತ್ತಾಳೆ, ಈ ದುಡ್ಡಿಗೆ ಎರಡೋ ಮೂರೋ ಬರುತ್ತದೆ, ಬೇಡ ಎನ್ನುತ್ತಾರೆ. ಗಂಡನಿಗೆ ಸಕ್ಕರೆ ಕಾಯಿಲೆ, ಔಷಧಿಗೇ ದುಡ್ಡು ಸುರಿಯಬೇಕು. ಇಲ್ಲಿ ಯಾರೂ ವಾಂತಿ ಮಾಡಿಕೊಳ್ಳುವುದಿಲ್ಲ. ಕ್ಯಾಮೆರಾ ಆ ತಾಯಿಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತದೆ, ಅಷ್ಟೇ. ಮೊದಲನೆಯದನ್ನು ನೋಡಿದಾಗ, ಛೆ, ಇಂಥದ್ದನ್ನು ಯಾಕಾದರೂ ತಿನ್ನುತ್ತಾರಪ್ಪ ಅನ್ನಿಸಿತ್ತು. ಇದನ್ನು ನೋಡಿದಾಗ, ಆ ತಾಯಿ ಇನ್ನೇನು ಮಾಡಿಯಾಳು ಅನ್ನಿಸಿತು. ತಿನ್ನುವ ವಸ್ತು ಅಂಥದ್ದೇ. ಕ್ಯಾಮೆರಾ ಅಲ್ಲಿ ತಟ್ಟೆಯ ಮುಂದೆ ನಿಂತಿತ್ತು, ಇಲ್ಲಿ ಪರ್ಸಿನ ಪಕ್ಕ.

ಈಗ ನನ್ನ ಕಷ್ಟ. ಕುಡಿತದ ವಿಷಯ ಮಗನಿಗೆ ಹೇಳುವುದೋ ಬಿಡುವುದೋ? ಹೇಳಿದರೆ ಬರ್ಗರ್ ಮತ್ತೆ ಬರುತ್ತದೆ. ಬಿಟ್ಟರೆ ನಾನೂ ಒಂದು ವಿಷಯ ಮುಚ್ಚಿಟ್ಟ ಹಾಗೆ. ಯಜಮಾನರನ್ನು ಕೇಳಿದರೆ, "ಬರ್ಗರ್ ಬಿಟ್ಟನಲ್ಲ, ನಿನಗ್ಯಾಕೆ ಇಲ್ಲದ ಉಸಾಬರಿ?" ಅಂದರು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ದೋಸೆ ಹಾಕುತ್ತಾ ಎಲ್ಲ ಹೇಳಿಬಿಟ್ಟೆ.

ಅವನು ದೋಸೆ ಮುರಿಯುತ್ತಾ ಯೋಚಿಸಿದ. "ಹಾಗಾದ್ರೆ ಆ ಡಾಕ್ಟರಿಗೂ ಗೊತ್ತಿರಲಿಲ್ವಾ?" ಎಂದು ಕೇಳಿದ. ಇಲ್ಲ ಕಣೋ ಅಂದೆ. "ಪಾಪ" ಅಂದ. ಪಾಪ ಯಾರೋ, ಡಾಕ್ಟರೋ ಸ್ಪರ್ಲಾಕೋ, ನಾನು ಕೇಳಲಿಲ್ಲ. ಆಮೇಲೆ ನಿರೀಕ್ಷಿಸಿದ್ದೇ ಬಂತು: "ಹಾಗಾದ್ರೆ ಒಂದ್ಸಲ ತಿನ್ಬಹುದಲ್ವಾ?"

ಸಂಕ್ರಾಂತಿ ಕಳೆಯಲಿ, ಎಲ್ಲರೂ ಸೇರಿ ಹೋಗೋಣ ಅಂದಿದ್ದೇನೆ. ಒಬ್ಬರಿಗೊಂದು, ಸಣ್ಣದು. ಅಂಗಡಿಯವರು ದೊಡ್ಡದು ಕೊಡಲೇ ಅಂತ ಕೇಳಿದರೆ ಬೇಡ ಅನ್ನುವ ಕೆಲಸ ನನ್ನದು.