ಯಾರೂ ಆರಿಸದ ಗೆರೆ

ಯಂತ್ರಭಾಗವನ್ನು ನಡುವೆ ಸೀಳಿ ಒಳಗನ್ನು ತೋರಿಸುವ ನೋಟಕ್ಕೆ ಸೆಕ್ಷನ್ ಎನ್ನುತ್ತಾರೆ. ಸೀಳಿದ ಮೈಗೆ ಓರೆಗೆರೆ ಎಳೆಯುವುದು ಹ್ಯಾಚಿಂಗ್. ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಸೆಟ್‌ಸ್ಕ್ವೇರ್ ಸರಿಸುತ್ತ ಒಂದೊಂದೇ ಗೆರೆ ಎಳೆಯಬೇಕಿತ್ತು. ಎಷ್ಟು ಅಂತರ, ಯಾವ ದಿಕ್ಕು, ಪಕ್ಕದ ಭಾಗಕ್ಕೆ ಬಂದಾಗ ಎತ್ತ ತಿರುಗಿಸಬೇಕು ಎಂಬುದನ್ನು ಎಳೆಯುವ ಕೈಯೇ ತೀರ್ಮಾನಿಸುತ್ತಿತ್ತು. ಈಗ ಒಂದು ಕ್ಲಿಕ್ಕಿಗೆ ಇಡೀ ಜಾಗ ತುಂಬಿಕೊಳ್ಳುತ್ತದೆ. ಶ್ರಮ ಉಳಿದದ್ದು ಒಳ್ಳೆಯದೇ. ಆದರೆ ಶ್ರಮದ ಜೊತೆಗೆ ತೀರ್ಮಾನವೂ ಕೈಬಿಟ್ಟು ಹೋಗಿದೆ. ಡ್ರಾಫ್ಟ್ಸ್‌ಮನ್ ಏನನ್ನೂ ಆರಿಸದಿದ್ದಾಗ ಹಾಳೆಯ ಮೇಲೆ ಬೀಳುವ ಗೆರೆ ಯಾರದು, ಅದು ಎಷ್ಟನ್ನು ಹೇಳಬೇಕು?

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಆಟೋಕ್ಯಾಡ್ ತಂತ್ರಾಂಶ 1982ರಲ್ಲಿ ಬಂತು. ಅದರಲ್ಲಿ ಬಹುಕಾಲದಿಂದ ತಾನಾಗಿ ಬರುವ ನಮೂನೆ ಎಎನ್‌ಎಸ್‌ಐ 31: 45 ಡಿಗ್ರಿ ಓರೆಯ, ಸಮ ಅಂತರದ ಗೆರೆಗಳು. ನಮೂನೆಗಳ ಫೈಲನ್ನು ತೆರೆದು ನೋಡಿದರೆ ಅದರ ಮುಂದೆ ಕಬ್ಬಿಣ, ಇಟ್ಟಿಗೆ, ಕಲ್ಲಿನ ಕಟ್ಟಡ ಎಂಬ ವಿವರಣೆ ಕಾಣುತ್ತದೆ. 32 ಉಕ್ಕಿಗೆ, 33 ಕಂಚು, ಹಿತ್ತಾಳೆ, ತಾಮ್ರಗಳಿಗೆ, 34 ಪ್ಲಾಸ್ಟಿಕ್ ಮತ್ತು ರಬ್ಬರಿಗೆ, 38 ಅಲ್ಯೂಮಿನಿಯಮ್ಮಿಗೆ. ಹೀಗಾಗಿ ಒಂದೇ ನಮೂನೆ ಎರಡು ಮಾತು ಹೊತ್ತುಕೊಂಡಿದೆ. ‘ಇಲ್ಲಿ ಕತ್ತರಿಸಿದೆ’ ಎಂಬುದು ಒಂದು, ‘ಇದು ಕಬ್ಬಿಣ’ ಎಂಬುದು ಇನ್ನೊಂದು. ಕಂಚಿನ ಬುಶ್ಶಿಗೆ 31 ಬಿದ್ದಿದ್ದರೆ, ಚಿಹ್ನೆಗಳನ್ನು ಕಲಿತ ಓದುಗ ಅದನ್ನು ಕಬ್ಬಿಣ ಎಂದು ಓದಬಹುದು. ಎಳೆದವನಿಗೆ ಮಾತ್ರ ಆ ಮಾತು ಹೇಳುವ ಉದ್ದೇಶವೇ ಇರಲಿಲ್ಲ. ತಾನಾಗಿ ಬಂದದ್ದನ್ನು ಹಾಗೇ ಬಿಟ್ಟಿದ್ದ. ಬಂದ ಹಾಳೆಯಲ್ಲಿರುವುದು ಉದ್ದೇಶವೋ ಉದಾಸೀನವೋ ತಿಳಿಯದೇ ಹೋಗುವುದು ಡ್ರಾಯಿಂಗಿಗೆ ಬರಬಾರದ ಸ್ಥಿತಿ.

ನನ್ನ ವಾದ ಇಷ್ಟು: ಯಂತ್ರಚಿತ್ರದಲ್ಲಿ ತಾನಾಗಿ ಬರುವ ಹ್ಯಾಚಿಂಗ್ ಲೋಹದ ಬಗ್ಗೆ ಏನೂ ಹೇಳಬಾರದು. ಎಲ್ಲ ಲೋಹಕ್ಕೂ ಒಂದೇ ಸಾದಾ ಓರೆಗೆರೆ ಇರಲಿ; ಭಾಗ ಬದಲಾದರೆ ದಿಕ್ಕೋ ಅಂತರವೋ ಬದಲಾಗಲಿ; ಲೋಹದ ಹೆಸರು ಪಾರ್ಟ್ಸ್ ಲಿಸ್ಟಿನಲ್ಲಿ ಅಕ್ಷರದಲ್ಲಿರಲಿ. ಐಎಸ್‌ಒ 128 ಮಾನಕಗಳಲ್ಲೂ, ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಭಾರತೀಯ ಮಾನಕ ಸಂಸ್ಥೆಯ ಎಸ್‌ಪಿ 46 ಕೈಪಿಡಿಯಲ್ಲೂ ಮೂಲ ರೀತಿ ಇದೇ: ತೆಳುಗೆರೆ, ಸಾಮಾನ್ಯವಾಗಿ 45 ಡಿಗ್ರಿ, ಅಕ್ಕಪಕ್ಕದ ಭಾಗಗಳಿಗೆ ಬೇರೆ ದಿಕ್ಕು ಅಥವಾ ಬೇರೆ ಅಂತರ.

ಇದಕ್ಕೆ ಆಕ್ಷೇಪ ಇದೆ, ಅದು ಹಗುರವಾದದ್ದಲ್ಲ. ಅಸೆಂಬ್ಲಿ ಚಿತ್ರದಲ್ಲಿ ಎರಕದ ಹೌಸಿಂಗ್, ಅದರೊಳಗೆ ಕಂಚಿನ ಬುಶ್, ಅದರೊಳಗೆ ರಬ್ಬರ್ ಸೀಲ್ ಇದ್ದಾಗ ಒಂದೊಂದಕ್ಕೂ ಬೇರೆ ನಮೂನೆ ಇದ್ದರೆ ಕಣ್ಣಿಗೆ ಒಮ್ಮೆಲೇ ತಿಳಿಯುತ್ತದೆ. ಕಟ್ಟಡದ ನಕ್ಷೆಯಲ್ಲಂತೂ ಇಟ್ಟಿಗೆ, ಕಾಂಕ್ರೀಟು, ಮಣ್ಣು ಬೇರೆಬೇರೆ ಕಾಣಲೇಬೇಕು, ಅಲ್ಲಿ ನನ್ನ ವಾದ ನಿಲ್ಲುವುದಿಲ್ಲ. ಆದರೆ ಪೀಣ್ಯದ ಯಾವುದೇ ಮೆಷಿನ್ ಶಾಪಿನಲ್ಲಿ ದಿನಬಳಕೆಯ ಮಾತು ಕೇಳಿ ನೋಡಿ: ಇಎನ್ 8, ಇಎನ್ 24, ಎಸ್‌ಎಸ್ 304, ಎಸ್‌ಎಸ್ 316. ಇವೆಲ್ಲ ಉಕ್ಕೇ. ನಾಲ್ಕಕ್ಕೂ ನಮೂನೆ 32 ಒಂದೇ. ಗಟ್ಟಿಮಾಡಿದ ಉಕ್ಕಿಗೂ ಮೆತ್ತನೆಯದಕ್ಕೂ ವ್ಯತ್ಯಾಸ ತೋರಿಸುವ ಗೆರೆ ಇಲ್ಲ. ಬೆಳಗಾವಿಯ ಫೌಂಡ್ರಿಗೆ ಬೇಕಾದದ್ದು ಎಫ್‌ಜಿ 260 ಎಂಬ ದರ್ಜೆ, ಅದನ್ನು ಯಾವ ಓರೆಗೆರೆಯೂ ಹೇಳಲಾರದು. ಕೊಳ್ಳುವವನಿಗೂ ಕಡೆಯುವವನಿಗೂ ಸಾಲದ ಮಾಹಿತಿಯನ್ನು ಚಿತ್ರದಲ್ಲಿ ಹಾಕಿ, ಪಟ್ಟಿಯ ಜೊತೆ ಅದು ಹೊಂದದೇ ಹೋಗುವ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೇಕೆ? ಲೋಹವನ್ನು ಬದಲಿಸಿ ಪಟ್ಟಿ ತಿದ್ದಿದವನು ಹ್ಯಾಚಿಂಗ್ ತಿದ್ದುತ್ತಾನೆಂಬ ಭರವಸೆ ಇಲ್ಲ.

ಸಾಲಿಡ್‌ವರ್ಕ್ಸ್‌ನಂಥ ಮಾಡೆಲಿಂಗ್ ತಂತ್ರಾಂಶ ಇದಕ್ಕೊಂದು ಉಪಾಯ ಮಾಡಿದೆ. ಅಲ್ಲಿ ಹ್ಯಾಚಿಂಗ್ ಲೋಹದ ದಾಖಲೆಗೇ ಅಂಟಿಕೊಂಡಿರುತ್ತದೆ. ಮಾಡೆಲ್ಲಿಗೆ ಲೋಹ ಕೊಟ್ಟರೆ ಸೆಕ್ಷನ್ನಿನಲ್ಲಿ ಅದರ ನಮೂನೆ ಬರುತ್ತದೆ, ಲೋಹ ಬದಲಾದರೆ ನಮೂನೆಯೂ ಬದಲಾಗುತ್ತದೆ. ತಿದ್ದಲು ಮರೆಯುವ ದೋಷ ಇದರಿಂದ ನೀಗುತ್ತದೆ, ನಿಜ. ಆದರೆ ಲೋಹವನ್ನೇ ಕೊಡದೆ ಬಿಟ್ಟ ಮಾಡೆಲ್ಲಿಗೆ ಏನು ಬರುತ್ತದೆ? ಕಂಪ್ಯೂಟರಿನ ಸೆಟ್ಟಿಂಗಿನಲ್ಲಿರುವ ಡಿಫಾಲ್ಟ್, ಅಂದರೆ ಮತ್ತೆ ಅದೇ ಎಎನ್‌ಎಸ್‌ಐ 31. ಕಬ್ಬಿಣ ಎಂದು ಆರಿಸಿದ ಭಾಗವೂ ಏನೂ ಆರಿಸದ ಭಾಗವೂ ಒಂದೇ ಥರ ಕಾಣುತ್ತವೆ.

ಅಂತರದ ವಿಷಯದಲ್ಲಿ ಡಿಫಾಲ್ಟ್ ಮಾಡುವ ಹಾನಿ ಇನ್ನೂ ಎದ್ದು ಕಾಣುತ್ತದೆ. ಆಟೋಕ್ಯಾಡ್‌ನಲ್ಲಿ ನಮೂನೆಗಳ ಫೈಲು ಎರಡು. ಇಂಚಿನ ಫೈಲಿನಲ್ಲಿ ಗೆರೆಗಳ ನಡುವೆ 0.125, ಮೆಟ್ರಿಕ್ ಫೈಲಿನಲ್ಲಿ 3.175, ಎರಡೂ ಇಂಚಿನ ಎಂಟನೇ ಒಂದು ಭಾಗವೇ. ಮಿಲಿಮೀಟರಿನಲ್ಲಿ ಬಿಡಿಸಿದ ಚಿತ್ರಕ್ಕೆ ಇಂಚಿನ ಫೈಲು ತಗಲಿಕೊಂಡರೆ ಗೆರೆಗಳು 25.4 ಪಟ್ಟು ಒತ್ತಾಗುತ್ತವೆ. 100 ಮಿ.ಮೀ. ಚೌಕದ ಒಂದು ತಟ್ಟೆಗೆ 44ರಷ್ಟು ಗೆರೆ ಬೀಳಬೇಕಾದಲ್ಲಿ 1,100ಕ್ಕೂ ಹೆಚ್ಚು ಬೀಳುತ್ತವೆ, ಮುದ್ರಿಸಿದಾಗ ಕಾಣುವುದು ಕಪ್ಪು ಚೌಕ. ಸರಿಯಾದ ಫೈಲೇ ಇದ್ದರೂ, ಪೂರ್ಣ ಅಳತೆಯಲ್ಲಿ ಹ್ಯಾಚ್ ಮಾಡಿದ ದೊಡ್ಡ ಹೌಸಿಂಗನ್ನು 1:10ಕ್ಕೆ ಇಳಿಸಿ ಮುದ್ರಿಸಿದರೆ ಕಾಗದದ ಮೇಲೆ ಅಂತರ 0.32 ಮಿ.ಮೀ.ಗೆ ಇಳಿಯುತ್ತದೆ. ಗೆರೆಯ ದಪ್ಪವೇ 0.25 ಮಿ.ಮೀ. ಇದ್ದರೆ ನಡುವೆ ಬಿಳಿ ಎಲ್ಲಿ ಉಳಿಯಿತು? ಅಂತರವನ್ನು ಕಾಗದದ ಮೇಲಿನ ಅಳತೆಯಾಗಿ ಗೊತ್ತುಮಾಡುವುದು ಆಫೀಸಿನ ಕೆಲಸ, ಪ್ರತಿಯೊಬ್ಬರ ಊಹೆಗೆ ಬಿಡುವುದಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆಯ ಸಂಗತಿ ರಿಬ್, ಅಂದರೆ ಭಾಗಕ್ಕೆ ಬಲ ಕೊಡುವ ತೆಳು ಪಟ್ಟಿ. ಉದ್ದಕ್ಕೆ ಸೀಳಿದ ರಿಬ್ಬಿಗೆ ಹ್ಯಾಚಿಂಗ್ ಹಾಕಬಾರದೆಂಬುದು ಹಳೆಯ, ಒಳ್ಳೆಯ ರೂಢಿ. ಶಾಫ್ಟ್, ಬೋಲ್ಟ್, ನಟ್, ಕೀ, ರಿವೆಟ್‌ಗಳಿಗೂ ಅದೇ. ಕಾರಣ ಸರಳ. ತೆಳ್ಳನೆಯ ರಿಬ್ಬಿಗೆ ಗೆರೆ ತುಂಬಿದರೆ ಬ್ರಾಕೆಟ್ ಪೂರ್ತಿ ಗಟ್ಟಿ ದಿಂಡಿನಂತೆ ಕಾಣುತ್ತದೆ, ಫೌಂಡ್ರಿಗೆ ಪ್ಯಾಟರ್ನ್ ಮಾಡುವವನು ಲೋಹ ಇಲ್ಲದ ಕಡೆ ಲೋಹ ಇದೆ ಎಂದು ತಿಳಿಯಬಹುದು. ಮಾಡೆಲ್ಲನ್ನು ಕತ್ತರಿಸುವ ತಂತ್ರಾಂಶಕ್ಕೆ ಗೊತ್ತಿರುವುದು ಕತ್ತಿ ತಾಗಿದ ಜಾಗ ಮಾತ್ರ. ರಿಬ್ಬನ್ನೂ ಬೋಲ್ಟನ್ನೂ ಬಿಡುವ ಸೌಲಭ್ಯ ಸಾಲಿಡ್‌ವರ್ಕ್ಸ್‌ನ ಸೆಕ್ಷನ್ ಆಜ್ಞೆಯಲ್ಲಿ ಇದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಬೋರ್ಡಿನ ಮೇಲೆ ಕಲಿತವರು ಕೇಳುತ್ತಾರೆ. ಪರದೆಯ ಮೇಲೇ ಕಲಿತವರಿಗೆ ಕೇಳಬೇಕೆಂಬುದೇ ಹೊಳೆಯದಿದ್ದರೆ ತಪ್ಪು ಅವರದಲ್ಲ, ಕಲಿಸಿದವರದು. ಎಂಜಿನಿಯರಿಂಗ್ ಕಾಲೇಜುಗಳ ಮೆಷಿನ್ ಡ್ರಾಯಿಂಗ್ ತರಗತಿಯಲ್ಲಿ ಯಾವ ಬಟನ್ ಒತ್ತಬೇಕೆಂಬುದಕ್ಕಿಂತ ಮೊದಲು, ಯಾವ ಗೆರೆ ಬರಬಾರದು ಎಂಬುದನ್ನು ಹೇಳಿಕೊಡಬೇಕು.

ಡಿಫಾಲ್ಟ್ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಸಾಲಿಡ್‌ವರ್ಕ್ಸ್‌ನಲ್ಲಿ ಹ್ಯಾಚಿಂಗಿನ ಡಿಫಾಲ್ಟ್ ಇರುವುದು ಸಿಸ್ಟಮ್ ಆಯ್ಕೆಗಳಲ್ಲಿ. ಅದು ಆ ಕಂಪ್ಯೂಟರಿನದು, ಫೈಲಿನ ಜೊತೆ ಹೋಗುವುದಿಲ್ಲ. ಒಬ್ಬರ ಮೇಜಿನಲ್ಲಿ ಸರಿಪಡಿಸಿದ್ದು ಪಕ್ಕದ ಮೇಜಿಗೆ ತಲುಪದು. ಹಾಗಾಗಿ ಆಫೀಸು ಒಪ್ಪಿದ ಸೆಟ್ಟಿಂಗನ್ನು ಎಲ್ಲ ಕಂಪ್ಯೂಟರಿಗೂ ಹಾಕುವ ಹೊಣೆ ಒಬ್ಬರ ಮೇಲೆ ಇರಬೇಕು, ಫೈಲಿನೊಳಗೆ ಉಳಿಯುವ ಸಂಗತಿಗಳನ್ನೆಲ್ಲ ಟೆಂಪ್ಲೇಟಿನಲ್ಲೇ ಕೂರಿಸಬೇಕು.

ಹಳೆಯ ಹಾಳೆಗಳನ್ನು ಮಾತ್ರ ಮುಟ್ಟುವುದು ಬೇಡ. ಲೋಹದ ಚಿಹ್ನೆಗಳನ್ನು ತಿಳಿದೇ ಬಳಸಿದವರ ಚಿತ್ರಗಳು ಅವುಗಳಲ್ಲಿ ಇರುತ್ತವೆ, ಕೆಲವು ಯಂತ್ರಗಳಿಗೆ ಪಾರ್ಟ್ಸ್ ಲಿಸ್ಟ್ ಕಳೆದುಹೋಗಿ ಹ್ಯಾಚಿಂಗ್ ಒಂದೇ ಸುಳಿವಾಗಿ ಉಳಿದಿರಬಹುದು. ಹೊಸ ನಿಯಮಕ್ಕೆ ಹೊಂದಿಸಲೆಂದು ಅವನ್ನು ಒಟ್ಟಿಗೆ ಬದಲಿಸಿದರೆ ಆ ಸುಳಿವು ಅಳಿಸಿಹೋಗುತ್ತದೆ. ಹೊಸ ನಿಯಮ ಯಾವ ದಿನಾಂಕದಿಂದ ಎಂದು ಆಫೀಸಿನ ಕೈಪಿಡಿಯಲ್ಲಿ ಬರೆದಿಟ್ಟು, ಹಳೆಯದನ್ನು ಹಳೆಯ ರೀತಿಯಲ್ಲೇ ಓದಬೇಕು.